ಐವತ್ತರ ಕೆಳಗೆ

ಎರಡು ವರ್ಷ ನಾನು ಜನರಿಗೆ ಒಂದೇ ಪ್ರಶ್ನೆಯನ್ನು ಎರಡೆರಡು ಸಲ ಕೇಳುವ ಕೆಲಸ ಮಾಡಿದೆ. ಅದಕ್ಕೆ ಸಂಬಳವಿತ್ತು, ಗುರುತಿನ ಚೀಟಿಯಿತ್ತು, ಊರೂರಿಗೆ ಕರೆದೊಯ್ಯಲು ಆಸ್ಪತ್ರೆಯ ಒಂದು ಹಳೆಯ ಜೀಪೂ ಇತ್ತು. ಈಗ ಯಾರಾದರೂ ಆಗ ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ ಫಿಜಿಯೋಥೆರಪಿ ಎಂದಷ್ಟೇ ಹೇಳುತ್ತೇನೆ. ಓದಿದ್ದು ಅದನ್ನೇ, ಆದ್ದರಿಂದ ಸುಳ್ಳಾಗುವುದಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ಎಲುಬು ಕೀಲಿನ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಭುಜಕ್ಕೆ ಕೊಟ್ಟ ಚಿಕಿತ್ಸೆ ಫಲಿಸಿತೋ ಇಲ್ಲವೋ ಎಂದು ಅಳೆಯುವ ಒಂದು ಅಂಕಪಟ್ಟಿಯನ್ನು ಅವರು ಯಾರಿಂದಲೋ ಕನ್ನಡಕ್ಕೆ ಮಾಡಿಸಿದ್ದರು. ಇಪ್ಪತ್ತು ಪ್ರಶ್ನೆ, ಒಂದೊಂದಕ್ಕೆ ಐದರಂತೆ ನೂರು ಅಂಕ. ನೂರು ಬಂದರೆ ಭುಜ ಗಟ್ಟಿ. ಸೊನ್ನೆ ಬಂದರೆ ಕೈ ಇದ್ದೂ ಇಲ್ಲದ ಹಾಗೆ. ತಕ್ಕಡಿಯನ್ನು ನಂಬಬೇಕಾದರೆ ಒಂದೇ ಕಲ್ಲನ್ನು ಎರಡು ಸಲ ಇಟ್ಟು ನೋಡಬೇಕಲ್ಲ, ಹಾಗೆ ಒಬ್ಬೊಬ್ಬ ರೋಗಿಯನ್ನೂ ಇವತ್ತೊಮ್ಮೆ, ಎರಡು ವಾರ ಬಿಟ್ಟು ಇನ್ನೊಮ್ಮೆ ಕೇಳಬೇಕು. ನಡುವೆ ಚಿಕಿತ್ಸೆ ಬದಲಾಗಬಾರದು. ಎರಡು ಅಂಕಗಳೂ ಹೊಂದಿದರೆ ಪಟ್ಟಿ ನಂಬಿಕೆಗೆ ಯೋಗ್ಯ ಎಂದಾಗುತ್ತದೆ, ಪತ್ರಿಕೆಯಲ್ಲಿ ಪ್ರಬಂಧ ಅಚ್ಚಾಗುತ್ತದೆ, ಮೊದಲ ಹೆಸರು ದೊಡ್ಡ ಡಾಕ್ಟರದಾಗುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಅವರಿಗೆ ಒಂದು ಅನುಕೂಲ ಹೊಳೆಯಿತು. ಬಿಗಿದು ಕೂತ ಭುಜವನ್ನು ಅರಿವಳಿಕೆ ಕೊಟ್ಟು ಬಿಡಿಸುವ ಒಂದು ಚಿಕಿತ್ಸೆ ಇದೆ. ಒಂದು ಟ್ರಸ್ಟಿನ ಕೃಪೆಯಿಂದ ಅದನ್ನು ಪುಕ್ಕಟೆ ಮಾಡುತ್ತಿದ್ದರು, ಆದರೆ ಎಲ್ಲರಿಗೂ ಮಾಡುವಷ್ಟು ದಿನಗಳಿರಲಿಲ್ಲ. ಹೀಗಾಗಿ, ಎರಡನೆಯ ಸಲದ ಅಂಕ ಐವತ್ತರ ಕೆಳಗಿದ್ದರೆ ಕರೆಸಿರಿ, ಮೇಲಿದ್ದರೆ ವ್ಯಾಯಾಮದ ಚಿತ್ರಗಳ ಹಾಳೆ ಕೊಟ್ಟು ಕಳಿಸಿರಿ ಎಂದರು. ಗಜಕಡ್ಡಿ ಸರಿಯಿದೆಯೇ ಎಂದು ಪರೀಕ್ಷಿಸುತ್ತಿರುವಾಗಲೇ ಅದರಿಂದ ಅಳೆದು ಬಟ್ಟೆ ಕತ್ತರಿಸತೊಡಗಿದ ದರ್ಜಿ ಅವರು. ನಾನು ಆ ಹೊತ್ತಿಗೆ ಎದುರು ಮಾತಾಡಿದೆ ಎಂದು ನೆನಪು ಹೇಳುತ್ತದೆ. ಆ ದಿನದ ಡೈರಿ ಹೇಳುವುದು ಇಷ್ಟೆ: 'ಹೊಸ ನಿಯಮ. ಒಳ್ಳೆಯದೇ, ಕೆಲಸ ಹಗುರ.' ಡೈರಿಯನ್ನು ನಂಬುತ್ತೇನೆ. ನೆನಪಿಗೆ ನನ್ನ ಮೇಲೆ ವಿಪರೀತ ಪ್ರೀತಿ.

ಸೋಮವಾರ ಇಂಡಿ, ಮಂಗಳವಾರ ಸಿಂದಗಿ, ಗುರುವಾರ ಮುದ್ದೇಬಿಹಾಳ, ಶುಕ್ರವಾರ ಬಸವನ ಬಾಗೇವಾಡಿ. ಪ್ರತಿ ಊರಲ್ಲೂ ಯಾರೋ ಬಿಟ್ಟುಕೊಟ್ಟ ಒಂದು ಕೋಣೆ, ಒಂದು ಟೇಬಲ್ಲು, ಎರಡು ಕುರ್ಚಿ. ಪ್ರಶ್ನೆಗಳನ್ನು ಕನ್ನಡ ಮಾಡಿದವರು ಒಬ್ಬ ರೋಗಿಯೊಡನೆಯೂ ಮಾತಾಡಿದವರಲ್ಲ ಎಂಬುದು ಮೊದಲ ದಿನವೇ ತಿಳಿಯಿತು. 'ಬಾಧಿತ ಭುಜದ ಕಾರಣ ದೈನಂದಿನ ಚಟುವಟಿಕೆಗಳಲ್ಲಿ ತಾವು ಅನುಭವಿಸುವ ನಿರ್ಬಂಧದ ಪ್ರಮಾಣವನ್ನು ಸೂಚಿಸಿ' ಎಂದು ನಾನು ಗಂಭೀರವಾಗಿ ಓದಿದಾಗ ಮುದ್ದೇಬಿಹಾಳದ ಒಬ್ಬರು ಕುರ್ಚಿ ಹಿಂದೆ ಸರಿಸಿದರು.

"ಇದು ಕೋರ್ಟಿನ ಕಾಗದೇನ್ರಿ? ನಾ ಯಾರ ಮ್ಯಾಲೂ ಕೇಸ್ ಹಾಕಿಲ್ರಿ."

ಅಚ್ಚಾದ ಪ್ರಶ್ನೆಯನ್ನು ಅಚ್ಚಾದಂತೆಯೇ ಕೇಳಬೇಕು, ಒಂದಕ್ಷರ ಬದಲಿಸಬಾರದು ಎಂಬುದು ನಿಯಮ. ಆಮೇಲೆ ನಾನು ಒಮ್ಮೆ ಗಡಗಡ ಓದಿ, "ಕೈ ಮ್ಯಾಲೆ ಹೋಗತೈತೋ ಇಲ್ಲೋ ಹೇಳ್ರಿ" ಎಂದು ಕೇಳಿ, ಬಂದ ಉತ್ತರಕ್ಕೆ ಹೊಂದುವ ಅಂಕದ ಸುತ್ತ ಪೆನ್ನಿನಿಂದ ಗುಂಡು ಸುತ್ತುತ್ತಿದ್ದೆ. ಒಂದು ಪ್ರಶ್ನೆ ಮೂರು ಕಿಲೋ ಆರುನೂರು ಗ್ರಾಂ ತೂಕವನ್ನು ತಲೆಯ ಮಟ್ಟಕ್ಕೆ ಎತ್ತಬಲ್ಲಿರಾ ಎಂದು ಕೇಳುತ್ತಿತ್ತು. ಯಾವುದೋ ದೇಶದ ಪೌಂಡುಗಳನ್ನು ಗ್ರಾಮಿಗೆ ಇಳಿಸಿ, ಆ ಆರುನೂರನ್ನೂ ಬಿಡದೆ ಕಾಪಾಡಿಕೊಂಡು ಬಂದ ಅನುವಾದಕನ ನಿಷ್ಠೆ ನನಗೆ ಇವತ್ತಿಗೂ ಹೇವರಿಕೆ ತರುತ್ತದೆ.

ಎರಡನೆಯ ಸಲ ಕೇಳುವುದು ಇನ್ನೂ ಅವಮಾನದ ಕೆಲಸ. ಬಾಗೇವಾಡಿಯಲ್ಲಿ ಒಬ್ಬ ಹಿರಿಯ ಹೆಂಗಸು ಮೂರನೆಯ ಪ್ರಶ್ನೆಗೇ ನನ್ನನ್ನು ತಡೆದಿದ್ದರು.

"ಹೋದ ಸರ್ತಿ ಎಲ್ಲಾ ಹೇಳೇನಲ್ಲ ತಂಗಿ. ಬರಕೊಂಡಿದ್ದು ಎಲ್ಲಿ ಒಗದಿ?"

"ಐತ್ರಿ ಅಮ್ಮಾರ. ಇನ್ನೊಮ್ಮೆ ಕೇಳಬೇಕಂತ."

"ಹಂಗಾರ ನಾ ಹೇಳಿದ್ದು ತಪ್ಪಾಗಿತ್ತು ಅನ್ನು. ಯಾವುದು ತಪ್ಪು ಅಂತ ಹೇಳು, ತಿದ್ದಿ ಹೇಳ್ತೇನಿ."

ತಿದ್ದಿಯೇ ಹೇಳಿದರು. ಇಪ್ಪತ್ತಕ್ಕೆ ಇಪ್ಪತ್ತನ್ನೂ ತಿದ್ದಿದರು. ಆ ಸಂಜೆಯ ಡೈರಿಯಲ್ಲಿ ನಾನು ಬರೆದದ್ದನ್ನು ಇಲ್ಲಿ ನಕಲು ಮಾಡುವುದು ನಾಚಿಕೆಯ ವಿಷಯ: 'ದಡ್ಡರ ಸಂತೆ.' ಹಾಗೆ ಬರೆದದ್ದು ನೆನಪಿಲ್ಲ. ಅಕ್ಷರ ನನ್ನದೇ.

ಇನ್ನೊಂದು ಸಂಗತಿಯನ್ನು ಅಚ್ಚು ಹಾಕಿಸಿದವರು ಯೋಚಿಸಿಯೇ ಇರಲಿಲ್ಲ. ನಮ್ಮ ಕಡೆ ಆಸ್ಪತ್ರೆಗೆ ಯಾರೂ ಒಬ್ಬರೇ ಬರುವುದಿಲ್ಲ. ಜೊತೆಗೆ ಬಂದವರು ಸುಮ್ಮನೆ ಕೂರುವುದೂ ಇಲ್ಲ. ರೋಗಿ ಕೂತಿರುತ್ತಾರೆ, ಜೊತೆಯವರು ಹೇಳುತ್ತಾರೆ, ರೋಗಿ ತಲೆಯಾಡಿಸುತ್ತಾರೆ. ಅದು ಅಗೌರವವಲ್ಲ, ನೋವಿನಲ್ಲಿದ್ದವರಿಗೆ ಮಾತಾಡುವ ಶ್ರಮವನ್ನೂ ಕೊಡಬಾರದು ಎಂಬ ಕಾಳಜಿ. ಮೊದಲ ಸಲ ಮಗಳು ಬಂದಿದ್ದರೆ ಎರಡನೆಯ ಸಲ ಸೊಸೆ, ಇಲ್ಲವೇ ಪಕ್ಕದ ಮನೆಯವರು, ಯಾರಿಗೆ ಬಿಡುವಿದೆಯೋ ಅವರು. ತಕ್ಕಡಿಯ ಮೇಲೆ ನಾವು ಎರಡು ಸಲ ಇಡುತ್ತಿದ್ದದ್ದು ಒಂದೇ ಕಲ್ಲಾಗಿರಲಿಲ್ಲ.

ಮೋರಟಗಿಯಿಂದ ಸಿಂದಗಿಗೆ ಬರುತ್ತಿದ್ದ ಹೆಂಗಸಿನ ವಿಷಯಕ್ಕೆ ಬರಬೇಕು. ಐವತ್ತರ ಆಸುಪಾಸು. ಮನೆಯಲ್ಲಿ ಹಿಟ್ಟಿನ ಗಿರಣಿಯಿತ್ತು. ಗಂಡ ಬೆಲ್ಟು, ಕಲ್ಲು, ಮೋಟಾರು ನೋಡಿಕೊಂಡರೆ, ಜೋಳದ ಡಬ್ಬಿ ಎತ್ತಿ ಗಿರಣಿಯ ಬಾಯಿಗೆ ಸುರಿಯುವುದು ಇವರ ಕೆಲಸ. ಸಕ್ಕರೆ ಕಾಯಿಲೆ ಇದ್ದವರಿಗೆ ಆಗುವಂತೆ ಬಲ ಭುಜ ಬಿಗಿದುಕೊಂಡಿತ್ತು. ಸೂಜಿ ಮಾಡಿಸಿಯಾಗಿತ್ತು, ತಿಂಗಳುಗಟ್ಟಲೆ ವ್ಯಾಯಾಮವಾಗಿತ್ತು. ಕೈ ಎದೆಯ ಮಟ್ಟ ದಾಟುತ್ತಿರಲಿಲ್ಲ. ಅರಿವಳಿಕೆ ಕೊಟ್ಟು ಬಿಡಿಸುವುದೊಂದೇ ಉಳಿದ ದಾರಿ. ಅಂದರೆ ಐವತ್ತರ ಕೆಳಗೆ ಬರಬೇಕು. ಬಾರದಿದ್ದರೆ ಆ ಕೈ ಹಾಗೆಯೇ.

ಮೊದಲ ಸಲ ಅವರ ಜೊತೆ ಬಂದದ್ದು ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಚುರುಕು ನಾಲಗೆಯ ಹೆಂಗಸು. ನಾನು ಪ್ರಶ್ನೆ ಮುಗಿಸುವ ಮೊದಲೇ ಉತ್ತರ.

"ತಲಿ ಬಾಚಿಕೊಳ್ಳಾಕ ಆಗತೈತೇನ್ರಿ?"

"ಎಲ್ಲಿದ್ರಿ! ನಾನ ಹಿಕ್ಕೋದು. ಸೊನ್ನಿ ಬರೀರಿ."

"ಅವರೂ ಹೇಳ್ಲಿ."

"ಅಕ್ಕ ಏನ ಹೇಳ್ತಾಳ್ರಿ? ಸತ್ರೂ ಆರಾಮ ಅದೇನಿ ಅನ್ನಾಕಿ. ಡಬ್ಬಿ ಎತ್ತಾಕತ್ತಾಕಿ ಈಗ ಯಾರು? ನಾನು! ನನ್ನ ರಟ್ಟಿನೂ ಹೋಗಾಕತ್ತಾವ. ಸೊನ್ನಿ ಬರೀರಿ, ಎಲ್ಲಾದಕ್ಕೂ ಸೊನ್ನಿ."

ಅಕ್ಕ ನಕ್ಕರು. ನಾನು ಎಲ್ಲಕ್ಕೂ ಸೊನ್ನೆ ಬರೆಯಲಿಲ್ಲ. ಒಟ್ಟು ಮೂವತ್ತೆಂಟು ಬಂತು.

ಎರಡು ವಾರ ಕಳೆದು ಗಂಡನೊಂದಿಗೆ ಬಂದರು. ಬಿಳಿ ಅಂಗಿ, ಹುಬ್ಬಿನಲ್ಲಿ ಎಷ್ಟು ತೊಳೆದರೂ ಹೋಗದ ಹಿಟ್ಟು. ಆತ ಮೆತ್ತಗೆ, ಪಾಠ ಮಾಡಿಕೊಂಡು ಬಂದವರ ಹಾಗೆ ಉತ್ತರಿಸಿದರು.

"ಆಗತೈತ್ರಿ. ಸಾವಕಾಶ ಆಗತೈತಿ. ನಾಕು ಬರೀರಿ."

"ಮಲಗಿದಾಗ ನೋವು?"

"ಮಲಗ್ತಾಳ್ರಿ, ಏನಿಲ್ಲ. ಐದು ಬರೀರಿ."

ಹೆಂಡತಿ ಎರಡಕ್ಕೂ ತಲೆಯಾಡಿಸಿದರು. ಎಪ್ಪತ್ತೊಂದು ಬಂತು. ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ ಹಿಡಿದು ಅವರ ಕೈ ಎತ್ತಿ ನೋಡಿದೆ. ಎರಡು ವಾರದ ಹಿಂದೆ ಎಲ್ಲಿಗೆ ನಿಂತಿತ್ತೋ ಅಲ್ಲಿಗೇ ನಿಂತಿತು. ಅವರು ಹಲ್ಲು ಕಚ್ಚಿದ್ದರು. ಆದರೆ ಈ ಪಟ್ಟಿಯ ಹೆಚ್ಚುಗಾರಿಕೆಯೇ ಅದು ರೋಗಿಯ ಸ್ವಂತ ಮಾತನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ ಎಂಬುದು. ಕಣ್ಣಿಗೆ ಕಾಣುವ ಕೈ ಲೆಕ್ಕಕ್ಕಿಲ್ಲ. 'ರೋಗಿಯ ಧ್ವನಿ' ಎಂದು ದೊಡ್ಡ ಡಾಕ್ಟರು ಸಭೆಗಳಲ್ಲಿ ಹೇಳುತ್ತಿದ್ದರು, ಕಣ್ಣು ಅರ್ಧ ಮುಚ್ಚಿ.

ಎಪ್ಪತ್ತೊಂದು ಎಂದರೆ ವ್ಯಾಯಾಮದ ಹಾಳೆ. ನಾನು ಹಾಳೆ ಕೊಟ್ಟೆ. ಅವರು ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡು ಹೋದರು. ಆಗ ನನಗೆ ಕಸಿವಿಸಿಯಾಯಿತೇ? ಆಯಿತು ಎಂದು ಈಗ ಅನಿಸುತ್ತದೆ. ಡೈರಿಯಲ್ಲಿ ಕಸಿವಿಸಿ ಇಲ್ಲ, ಮಧ್ಯಾಹ್ನದ ಊಟ ಚೆನ್ನಾಗಿತ್ತು ಎಂದಿದೆ.

ಆ ತಿಂಗಳ ಕೊನೆಗೆ ಎಲ್ಲ ಹಾಳೆಗಳನ್ನೂ ಟೇಬಲ್ಲಿನ ಮೇಲೆ ಹರಡಿ ಕೂತಾಗ ಬೇರೆಯೇ ಚಿತ್ರ ಕಂಡಿತು. ಇಂಡಿಯಲ್ಲಿ ಎರಡನೆಯ ಅಂಕಗಳು ದಬದಬನೆ ಕೆಳಗೆ ಬಿದ್ದಿದ್ದವು. ಸಿಂದಗಿ, ಮುದ್ದೇಬಿಹಾಳಗಳಲ್ಲಿ ಮೇಲೇರಿದ್ದವು. ಭುಜಗಳು ಊರು ನೋಡಿ ವಾಸಿಯಾಗುವುದಿಲ್ಲ. ಮುಂದಿನ ಸೋಮವಾರ ಇಂಡಿಗೆ ಬಂದ ಅಗರಖೇಡದ ಒಬ್ಬ ಅಜ್ಜನನ್ನು ಕೇಳಿದೆ. ಮೊದಲ ಸಲ ಎಂಬತ್ತರ ಹತ್ತಿರ ಅಂಕ ಇದ್ದವರು ಈಗ ಇಪ್ಪತ್ತಕ್ಕೆ ಇಳಿದಿದ್ದರು.

"ಅಜ್ಜಾರ, ಖರೇ ಹೇಳ್ರಿ. ಅಷ್ಟ ನೋವೈತೇನು?"

"ನೋವು ಎಷ್ಟರ ಇರ್ಲಿ ಬಿಡವ್ವಾ. ಐವತ್ತರ ಕೆಳಗ ಬಂದವ್ರಿಗೆ ಪುಕ್ಕಟ ಮಾಡ್ತಾರಂತಲ್ಲ. ನೀವ ಹೇಳಿದ್ರಿ."

"ನಾನಾ?"

"ಮತ್ತ ಯಾರು? ಆ ಮುದ್ದೇಬಿಹಾಳದವ್ರು ಅಂಜುಬುರುಕ್ರು. ಮೂರ್ಛಿ ಮಾಡಿ ಭುಜ ಮುರೀತಾರ ಅಂತ ಯಾರೋ ಹೇಳ್ಯಾರ, ಎಲ್ಲಾರೂ ಆರಾಮ ಅದೇವಿ ಅನ್ನಾಕತ್ತಾರಂತ. ನಮ್ಮ ಬೀಗರು ಅಲ್ಲೇ ಇರ್ತಾರ, ಫೋನ್ ಮಾಡಿದ್ರು. ಹಲ್ಲು ಕೀಳಿಸಾಕ ಹೋದಾಗ್ಲೂ ಅವ್ರು ಹಂಗ."

ಅವರು ನೋವಿಗೆ ಅಂಕ ಕೊಡುತ್ತಿರಲಿಲ್ಲ. ಅರಿವಳಿಕೆಯ ಪರವಾಗಿಯೋ ವಿರೋಧವಾಗಿಯೋ ಓಟು ಹಾಕುತ್ತಿದ್ದರು. ನಾವು ಎರಡನೆಯ ಸಲ ಕೇಳಿದ್ದು ಒಳ್ಳೆಯದೇ ಆಯಿತು, ಮನೆಮಂದಿ ಕೂತು ವಿಚಾರ ಮಾಡಲು ಎರಡು ವಾರ ಸಿಕ್ಕಿತು. ದಡ್ಡರ ಸಂತೆಯಲ್ಲಿ ದಡ್ಡರು ಟೇಬಲ್ಲಿನ ಈಚೆ ಕೂತಿದ್ದರು.

ಐವತ್ತರ ಗುಟ್ಟನ್ನು ಹೇಳಿದ್ದು ನಾನೇ? ಜೀಪಿನಲ್ಲಿ ಜೊತೆಗೆ ಬರುತ್ತಿದ್ದ ಕಾಂಪೌಂಡರ್ ಹೇಳಿದ ಎಂದು ನಂಬಲು ಇಷ್ಟ. ಡೈರಿಯಲ್ಲಿ ಒಂದು ಸೋಮವಾರದ ಎದುರು 'ಅಜ್ಜನಿಗೆ ತಿಳಿಸಿ ಹೇಳಿದೆ' ಎಂದಿದೆ. ಏನನ್ನು ತಿಳಿಸಿ ಹೇಳಿದೆ ಎಂದು ಬರೆದಿಲ್ಲ. ದಯೆ ತೋರಿಸಿದೆ ಎಂಬ ಹೆಮ್ಮೆಯಲ್ಲಿ ಬರೆದಂತಿದೆ ಆ ಸಾಲು.

ಹಾಳೆಗಳನ್ನು ಹೊತ್ತು ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಎಲ್ಲವನ್ನೂ ವಿವರಿಸಿದೆ. ಅವರು ಮೊಬೈಲ್ ನೋಡುತ್ತಲೇ ಕೇಳಿಸಿಕೊಂಡರು.

"ಈ ಭಾಗದ ಜನಕ್ಕೆ ತಮ್ಮ ನೋವು ಎಷ್ಟು ಅಂತ ತಮಗೇ ಗೊತ್ತಾಗೋದಿಲ್ಲ. ಎರಡರ ನಡುವೆ ತುಂಬಾ ಅಂತರ ಇರೋರನ್ನ ತೆಗೆದುಬಿಡಿ."

"ತೆಗೆದರೆ ಉಳಿಯುವುದು ಹೊಂದಿಕೆಯಾದವರು ಮಾತ್ರ ಸರ್."

"ಹೌದಲ್ಲ? ಮತ್ತೆ ನಮಗೆ ಬೇಕಾಗಿರೋದು ಏನು?"

ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ಕೇಳುತ್ತಿದ್ದರು. ಮೋರಟಗಿಯವರ ಕೋನದ ಅಳತೆಯನ್ನು ತೋರಿಸಿ, ಇವರೊಬ್ಬರನ್ನಾದರೂ ಕರೆಸೋಣ ಎಂದೆ. "ಎಪ್ಪತ್ತೊಂದು ಇದೆಯಲ್ಲಮ್ಮ" ಎಂದರು, ತಮ್ಮ ತಕ್ಕಡಿಯ ಮೇಲೆ ತಾವೇ ಕೈಯಿಟ್ಟು ತೂಗಿದ್ದನ್ನು ಮರೆತು. ಅವರನ್ನು ತಿರಸ್ಕರಿಸುವುದು ಸುಲಭ, ಈಗಲೂ ಸಲೀಸಾಗಿ ಮಾಡುತ್ತೇನೆ. ಆದರೆ ಅಷ್ಟೂ ಹಾಳೆಗಳ ಗುಂಡುಗಳನ್ನು ಸುತ್ತಿದ ಪೆನ್ನು ನನ್ನದು.

ಮುಂದಿನ ಮಂಗಳವಾರ ಗಂಡ ಹೆಂಡತಿ ಇಬ್ಬರನ್ನೂ ಸಿಂದಗಿಗೆ ಬರಹೇಳಿದೆ. ಆಕೆಯನ್ನು ಪರದೆಯ ಹಿಂದೆ ಕೈ ನೋಡುವ ನೆಪದಲ್ಲಿ ಕರೆದೊಯ್ದು, ಫಾರ್ಮು ಬದಿಗಿಟ್ಟು ಕೇಳಿದೆ.

"ನಿಮಗ ಮಾಡಿಸ್ಕೋಬೇಕು ಅಂತ ಐತೋ ಇಲ್ಲೋ? ನಿಮಗ ಕೇಳಾಕತ್ತೇನಿ."

"ಐತ್ರಿ." ತಡಮಾಡದೆ ಹೇಳಿದರು. "ಯಾರದರ ಡಬ್ಬಿ ಮುಂದಿಟ್ಟುಕೊಂಡು ಕೈ ಕಟ್ಟಿ ಕೂಡೋದು ಬ್ಯಾಸರಾಗೇತ್ರಿ. ಆದರ ಇವ್ರಿಗೆ ಅಂಜಿಕಿ. ಇವ್ರ ಅಣ್ಣಗ ಹರ್ನಿಯಾ ಕೊಯ್ಯೋಣಂತ ಮೂರ್ಛಿ ಮಾಡಿದ್ರು, ಅಂವ ಏಳ್ಲೇ ಇಲ್ಲ. ನಾ ಬೇಕು ಅಂದ್ರ ಇವ್ರು ಬ್ಯಾಡ ಅನ್ನಂಗಿಲ್ಲ, ಆದರ ಊಟ ಬಿಟ್ಟು ಕೂಡ್ತಾರ. ಇವ್ರ ಬಾಯಿಂದ ಬರಲಿ ಅಂತ ಸುಮ್ನ ಅದೇನ್ರಿ."

ಹಾಗಾದರೆ ಆ ಎಪ್ಪತ್ತೊಂದು ಒಬ್ಬ ಮನುಷ್ಯನ ಭಯದ ಅಂಕ. ಅದನ್ನು ಅಳೆಯಲು ಬೇರೆ ಪಟ್ಟಿ ಬೇಕಿತ್ತು.

ಗಂಡನೊಡನೆ ಹೊರಗೆ ಬೇವಿನ ಮರದ ನೆರಳಲ್ಲಿ ಮಾತಾಡಿದೆ ಎಂದು ಬರೆಯಲು ಕೈ ಹೋಗುತ್ತದೆ, ಚಿತ್ರ ಅಷ್ಟು ಸ್ಪಷ್ಟವಾಗಿದೆ. ಡೈರಿಯ ಪ್ರಕಾರ ಮಾತಾಡಿದ್ದು ಒಳಗೇ, ಆಕೆಯ ಎದುರಲ್ಲೇ, ಕರೆಂಟ್ ಹೋಗಿತ್ತು. ಮರವನ್ನು ನಾನು ಎಲ್ಲಿಂದ ತಂದೆನೋ. ಮಾತುಗಳು ಮಾತ್ರ ಡೈರಿಯಲ್ಲಿ ಇದ್ದಂತೆಯೇ ಇವೆ.

ನಿಮ್ಮ ಅಣ್ಣನ ವಿಷಯ ಗೊತ್ತಾಯಿತು ಎಂದೆ. ಆತ ನೆಲ ನೋಡಿದರು.

"ಐದ ನಿಮಿಷದ ಕೆಲಸ ಅಂದಿದ್ರು ಅವತ್ತೂ."

"ಇದೂ ಸಣ್ಣ ಹೊತ್ತಿನ ಮೂರ್ಛಿನ ರಿ. ಮೊದಲ ಎದಿ ನೋಡ್ತಾರ, ಸಕ್ಕರಿ ನೋಡ್ತಾರ. ಸರಿ ಇರದಿದ್ರ ಮಾಡಂಗಿಲ್ಲ. ಏನೂ ಆಗಂಗೇ ಇಲ್ಲ ಅಂತ ನಾ ಮಾತು ಕೊಡಂಗಿಲ್ಲ."

"ನಿಮ್ಮ ತಾಯಿಗಾಗಿದ್ರ ಮಾಡಿಸ್ತಿದ್ರೇನ್ರಿ?"

ಯೋಚಿಸಿದೆ. ಎಷ್ಟು ಹೊತ್ತು ಯೋಚಿಸಿದೆ ಎಂಬುದು ನೆನಪಿಲ್ಲ, ಆತನಿಗೆ ಅದೇ ಮುಖ್ಯವಾಗಿತ್ತು ಎಂದು ಕಾಣುತ್ತದೆ, ಏಕೆಂದರೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಮಾಡಿಸ್ತಿದ್ದೆ ರಿ."

"ಖರೇನ?"

"ಖರೇನ."

ಆತ ಎದ್ದು ಹೋಗಿ ಬಾಗಿಲಲ್ಲಿ ನಿಂತು ಹೊರಗೆ ನೋಡಿ, ತಿರುಗಿ ಬಂದು ಕೂತರು. ಹೆಂಡತಿಯ ಕಡೆ ನೋಡದೆ, "ಮಾಡಿಸೋಣು" ಎಂದರು. ಆಮೇಲೆ ನನಗೆ, ವ್ಯವಹಾರದ ದನಿಯಲ್ಲಿ: "ಎಷ್ಟ ಬರಬೇಕ್ರಿ? ಹೇಳ್ರಿ, ಅಷ್ಟ ಹೇಳ್ತೇನಿ."

ಮೂವರೂ ನಕ್ಕೆವು. ಹೊಸ ಫಾರ್ಮು ತೆಗೆದೆ. ಆತ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ನಡುವೆ ಒಮ್ಮೆ, "ಭಾಳ ಕೆಳಗ ಹೋಗಾಕತ್ತೇತಿ, ಒಂದ ಎರಡು ಹಾಕ್ರಿ, ಸಂಶಯ ಬರಬಾರ್ದು" ಎಂದು ಹೆಂಡತಿಯೇ ತಿದ್ದಿದರು. ನಲವತ್ತು ಬಂತು. ಅವರು ಹೋದ ಮೇಲೆ ಎಪ್ಪತ್ತೊಂದರ ಫಾರ್ಮನ್ನು ಹರಿದು ಚೀಲಕ್ಕೆ ಹಾಕಿಕೊಂಡು, ಹೊಸದಕ್ಕೆ ಅದರ ತಾರೀಖು ಬರೆದೆ. ಇದಕ್ಕೆ ಇರುವ ಹೆಸರು ನನಗೆ ಗೊತ್ತು. ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ನೀತಿ ಎಂಬ ವಿಷಯದಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು.

ಮೊದಲ ಸಲ ಮೂವತ್ತೆಂಟು, ಎರಡನೆಯ ಸಲ ನಲವತ್ತು. ಆ ಇಡೀ ಕಟ್ಟಿನಲ್ಲಿ ಅಷ್ಟು ಚೆಂದ ಹೊಂದಿಕೆಯಾದ ಜೋಡಿ ಇನ್ನೊಂದು ಇರಲಿಲ್ಲ. ದೊಡ್ಡ ಡಾಕ್ಟರು ಅದನ್ನು ಕಿರಿಯರ ಸಭೆಯಲ್ಲಿ ಎತ್ತಿ ತೋರಿಸಿದರು. "ಸರಿಯಾಗಿ ಕೇಳಿದರೆ ಹಳ್ಳಿಯ ರೋಗಿಯೂ ಎಷ್ಟು ನಿಖರವಾಗಿ ಹೇಳುತ್ತಾರೆ ನೋಡಿ" ಎಂದರು. ಎಪ್ಪತ್ತೊಂದನ್ನು ತಮಗೆ ತೋರಿಸಿದ್ದು ಅವರಿಗೆ ನೆನಪಿರಲಿಲ್ಲ. ನಾನು ಹಿಂದಿನ ಸಾಲಿನಲ್ಲಿ ಕೂತು ಟಿಪ್ಪಣಿ ಬರೆದುಕೊಂಡೆ.

ಚಿಕಿತ್ಸೆಯಾಯಿತು. ಆಕೆ ಎಚ್ಚರಗೊಂಡು ಕಣ್ಣು ಬಿಡುವವರೆಗೆ ಆ ಗಂಡ ಕಾರಿಡಾರಿನಲ್ಲಿ ಕೂರಲಿಲ್ಲವಂತೆ, ನಿಂತೇ ಇದ್ದರಂತೆ. ನಾನು ಅಲ್ಲಿರಲಿಲ್ಲ, ನರ್ಸ್ ಹೇಳಿದ್ದು.

ಮೂರು ತಿಂಗಳಿಗೆ ಮತ್ತೊಮ್ಮೆ ಕೇಳಬೇಕಿತ್ತು, ಚಿಕಿತ್ಸೆಯ ನಂತರದ ಅಂಕಕ್ಕೆ. ಆಕೆ ಸಿಂದಗಿಗೆ ಒಬ್ಬರೇ ಬಂದರು. ಜೊತೆಗೆ ಯಾರೂ ಇಲ್ಲದ ರೋಗಿಯನ್ನು ನಾನು ನೋಡಿದ್ದು ಅಪರೂಪ. ಬಂದವರೇ ಬಲಗೈಯಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೂತರು. ಪೂರ್ತಿ ಅಲ್ಲ, ಕೊನೆಗೆ ಸ್ವಲ್ಪ ತಡೆಯುತ್ತಿತ್ತು, ಆದರೂ ಕೈ ಹೋಯಿತು. ಗಿರಣಿಯ ವಿಷಯ ಕೇಳಿದೆ. ಅರ್ಧ ಡಬ್ಬಿ ಎತ್ತುತ್ತೇನೆ, ಇನ್ನರ್ಧ ನೆಗೆಣ್ಣಿ ಸುರಿಯುತ್ತಾಳೆ, ಬೈಯುತ್ತಲೇ ಸುರಿಯುತ್ತಾಳೆ ಎಂದರು.

ನಾನು ಪೆನ್ನು ತೆಗೆದು ಮೊದಲ ಪ್ರಶ್ನೆ ಓದಲು ಶುರು ಮಾಡಿದೆ.

"ಕೊಡ್ರಿಲ್ಲೆ" ಎಂದು ಕೈ ಚಾಚಿದರು.

"ಓದಾಕ ಬರತೈತೇನ್ರಿ?"

"ಏಳನೇತ್ತೆ ಮಟಾ ಸಾಲಿಗೆ ಹೋಗೇನ್ರಿ. ಗಿರಾಕಿ ಹೆಸರು ಡಬ್ಬಿ ಮ್ಯಾಲೆ ಬರಿಯಾಕಿ ನಾನ. ನೀವು ಕೇಳ್ಲೇ ಇಲ್ಲ."

ನಿಜ. ಕೇಳಿರಲಿಲ್ಲ. ಫಾರ್ಮಿನ ನೆತ್ತಿಯ ಮೇಲೆ, ದಪ್ಪ ಅಕ್ಷರದಲ್ಲಿ, 'ರೋಗಿಯು ಸ್ವತಃ ಭರ್ತಿ ಮಾಡತಕ್ಕದ್ದು' ಎಂದು ಅಚ್ಚಾಗಿತ್ತು. ಎರಡು ವರ್ಷ, ನಾಲ್ಕು ಊರು, ಅಷ್ಟು ಜನ. ನಾನು ಒಬ್ಬರ ಕೈಗೂ ಕಾಗದ ಕೊಟ್ಟಿರಲಿಲ್ಲ. ಆ ಅನುವಾದಕನನ್ನು, ದೊಡ್ಡ ಡಾಕ್ಟರನ್ನು ಮನಸಾರೆ ಬೈಯುತ್ತ ಓಡಾಡಿದವಳು, ಇಡೀ ಹಾಳೆಯಲ್ಲಿ ಸರಿಯಾಗಿದ್ದ ಒಂದೇ ಸಾಲನ್ನು ದಾಟಿ ಹೋಗಿದ್ದೆ. ಓದು ಬಾರದವರಿದ್ದಾರೆ ಎಂಬುದು ನಿಜ. ಯಾರಿಗೆ ಬರುತ್ತದೆ ಎಂದು ವಿಚಾರಿಸಲಿಲ್ಲ ಎಂಬುದು ಅದಕ್ಕಿಂತ ನಿಜ.

ಆಕೆ ಬೆರಳನ್ನು ಸಾಲಿನ ಕೆಳಗೆ ಎಳೆಯುತ್ತ, ತುಟಿ ಅಲ್ಲಾಡಿಸುತ್ತ ಓದಿದರು. ಅರ್ಥವಾಗದ ಕಡೆ ನನ್ನನ್ನು ಕೇಳದೆ ಮತ್ತೆ ಮೇಲಿನಿಂದ ಓದಿದರು. ಬಹಳ ಹೊತ್ತು ಹಿಡಿಯಿತು. ಒಂದು ಕಡೆ ಪೆನ್ನು ನಿಂತಿತು.

"ಇದೇನ್ರಿ, ಚೆಂಡು ಎಷ್ಟ ದೂರ ಒಗೀತೀರಿ ಅಂತ ಐತಿ?"

"ನಿಮಗ ತಿಳಿದಷ್ಟು ಹಾಕ್ರಿ."

"ನಾ ಎಂದೂ ಒಗದಿಲ್ಲ. ಒಗದಿಲ್ಲದ್ದಕ್ಕ ಹೆಂಗ ಹಾಕ್ಲಿ?"

ಅದನ್ನು ಖಾಲಿ ಬಿಟ್ಟರು. ಮುಂದೆ ಈಜಿನ ವಿಷಯ ಇತ್ತು, ಅದನ್ನೂ ಬಿಟ್ಟರು. ನನ್ನ ಹಾಳೆಗಳಲ್ಲಿ ಇವೆರಡೂ ಎಂದೂ ಖಾಲಿ ಇದ್ದದ್ದಿಲ್ಲ. ಮೂರು ಅಂತ ನಾನೇ ಹಾಕಿಬಿಡುತ್ತಿದ್ದೆ. ಉಳಿದ ಹದಿನೆಂಟಕ್ಕೆ ತಾವೇ ಗುಂಡು ಸುತ್ತಿ, ಕೆಳಗೆ ಸಹಿ ಮಾಡಿ, ಮೋರಟಗಿ ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು.

ಎರಡು ಉತ್ತರ ಬಿಟ್ಟ ಫಾರ್ಮು ಲೆಕ್ಕಕ್ಕೆ ಬರುವುದಿಲ್ಲ. ಈ ಸಲ ನಾನು ಮೂರು ಬರೆಯಲಿಲ್ಲ. ದೊಡ್ಡ ಡಾಕ್ಟರು ಅದರ ಮೇಲೆ ಅಡ್ಡ ಗೆರೆ ಎಳೆದು 'ಅಪೂರ್ಣ' ಎಂದು ಬರೆದರು. ಪ್ರಬಂಧ ಅಚ್ಚಾಯಿತು, ಪಟ್ಟಿ ನಂಬಿಕೆಗೆ ಯೋಗ್ಯವೆಂದು ಸಾಬೀತಾಯಿತು. ನನ್ನ ಕೈಬರಹವಿಲ್ಲದ ಆ ಒಂದು ಹಾಳೆ ಅದರಲ್ಲಿ ಇಲ್ಲ.